ಹತ್ತು ಹೆಜ್ಜೆಯೊಳಗೆ

ಹತ್ತು ಹೆಜ್ಜೆ ಅಂದರೆ ಯಾರ ಹೆಜ್ಜೆ ಎಂಬುದು ಹೋದ ವರ್ಷವೇ ಇತ್ಯರ್ಥವಾಗಿತ್ತು. ಮಂತ್ರ ಹಾಕಿದವನ ಹೆಜ್ಜೆ. ನಕಾಶೆಯ ಮೇಲೆ ಹತ್ತು ಚೌಕ. ಅಷ್ಟಕ್ಕೇ ಎರಡು ಭಾನುವಾರ ಹಾಳಾಗಿದ್ದವು. ಈಗ ಅವನು ಬೆರಳಿಟ್ಟು ಎಣಿಸುತ್ತಿದ್ದ. ಏಳು, ಎಂಟು, ಒಂಬತ್ತು. ತಮ್ಮನ ಬಿಲ್ಲುಗಾರ ಒಂಬತ್ತನೆಯ ಚೌಕದಲ್ಲಿದ್ದ.

"ಒಳಗಿದ್ದಾನೆ," ಎಂದ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಬೂದಿ ಕವಚ ಹಾಕ್ತಾ ಇದೀನಿ. ಎಲ್ಲರ ಮೇಲೂ."

"ಹಾಕಿ, ಹಾಕಿ. ನಾವೂ ಬದುಕ್ಕೋತೀವಿ," ಎಂದ ಬಸ್ ಡ್ರೈವರ್, ಬಾಯಲ್ಲಿ ಕಡಲೆಕಾಯಿ ತುಂಬಿಕೊಂಡೇ.

ಭಾನುವಾರ ಹಲ್ಲಿನ ಕ್ಲಿನಿಕ್ಕಿಗೆ ರಜೆ. ರೋಗಿಗಳು ಕಾಯುವ ಕೋಣೆಯಲ್ಲಿ ಇವರ ಆಟ. ಗೋಡೆಯ ಮೇಲೆ ಹುಳುಕು ಹಲ್ಲಿನ ಚಿತ್ರ, ಅದರ ಕೆಳಗೆ ಐದು ಕುರ್ಚಿ, ಮೇಜಿನ ತುಂಬ ಗುಹೆಯ ನಕಾಶೆ. ಐದು ಜನ ಕೂತು ಬಾಯಲ್ಲೇ ಒಂದು ಕಥೆ ಕಟ್ಟುತ್ತಾರೆ. ಡಾಕ್ಟರು ಕಥೆ ನಡೆಸುವವರು: ಕತ್ತಲು, ತೋಳ, ಬಾಗಿಲು, ಡ್ರ್ಯಾಗನ್ನು, ಎಲ್ಲ ಅವರದೇ. ಉಳಿದ ನಾಲ್ವರಿಗೆ ಒಂದೊಂದು ಪಾತ್ರ, ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಒಂದೊಂದು ಗೊಂಬೆ. ಏನು ಮಾಡ್ತೀ ಅಂತ ಡಾಕ್ಟರು ಕೇಳುತ್ತಾರೆ. ಹೇಳಬೇಕು. ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ದಾಳ ಹೇಳದ್ದನ್ನು ನಿಯಮದ ಪುಸ್ತಕ ಹೇಳುತ್ತದೆ. ಪುಸ್ತಕವೂ ಹೇಳದಿದ್ದರೆ ಜಗಳ.

ಜಗಳದಲ್ಲಿ ಅವನೇ, ಮಾಂತ್ರಿಕನ ಪಾತ್ರದವನೇ, ಮುಂದು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಅವನಿಗೆ ಕೆಲಸ. ಮರುಮೌಲ್ಯಮಾಪನದ ಅರ್ಜಿಗಳನ್ನು ಓದಿ, ನಿಯಮದ ಸಂಖ್ಯೆ ಬರೆದು, ತಿರಸ್ಕರಿಸುವ ಕೆಲಸ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಇದಕ್ಕೆ. ಮೇಜಿನವರು ಅವನನ್ನು ಪ್ರೊಫೆಸರ್ ಅನ್ನುತ್ತಿದ್ದರು. ಅವನು ಪ್ರೊಫೆಸರ್ ಅಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಅನ್ನುತ್ತಿದ್ದರು.

ಡ್ರ್ಯಾಗನ್ನಿನ ಬೆಂಕಿಗೆ ಡಾಕ್ಟರ ದಾಳ ನಲವತ್ತು ಹೇಳಿತ್ತು. ತಮ್ಮನ ಬಿಲ್ಲುಗಾರನಲ್ಲಿ ಉಳಿದಿದ್ದ ಪ್ರಾಣ ಹನ್ನೊಂದು. ಕವಚವಿಲ್ಲದೆ ಬದುಕುವ ಮಾತೇ ಇರಲಿಲ್ಲ. ಈ ಮೇಜಿನಲ್ಲಿ ಸತ್ತವರು ಆ ಕಥೆ ಮುಗಿಯುವ ತನಕ ಕುರ್ಚಿ ಬಿಟ್ಟುಕೊಡಬೇಕು. ಮೂರು ಜನ ಕಾಯುತ್ತಿದ್ದರು. ಕಥೆ ಶುರುವಾಗಿ ಮೂರು ವರ್ಷವಾಗಿತ್ತು, ಅರ್ಧವೂ ಮುಗಿದಿರಲಿಲ್ಲ.

ಮತ್ತು ಈ ಮೇಜಿನ ಬಳಿ ಬಿಟ್ಟರೆ ಅಣ್ಣತಮ್ಮಂದಿರು ಬೇರೆಲ್ಲೂ ಮಾತಾಡುತ್ತಿರಲಿಲ್ಲ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಈ ಕಟ್ಟಡದ ಲಿಫ್ಟು ಕೆಟ್ಟಾಗ ರಿಪೇರಿಗೆಂದು ಬಂದವನು, ಕೈ ತೊಳೆಯಲು ಕ್ಲಿನಿಕ್ಕಿಗೆ ಬಂದು, ಆಟ ನೋಡಿ, ಅಲ್ಲೇ ನಿಂತುಬಿಟ್ಟ. ಮೇಜಿನಲ್ಲಿ ಅಣ್ಣ ಇದ್ದ. ಅಣ್ಣನೂ ಏಳಲಿಲ್ಲ, ತಮ್ಮನೂ ಹೊರಡಲಿಲ್ಲ. ಮುಂದಿನ ಭಾನುವಾರ ಖಾಲಿಯಿದ್ದ ಒಂದೇ ಕುರ್ಚಿ ಅಣ್ಣನ ಪಕ್ಕದ್ದಾಗಿತ್ತು. ಅಂದಿನಿಂದ ವಾರಕ್ಕೆ ನಾಲ್ಕು ಗಂಟೆ ಮಾಂತ್ರಿಕ ಬಿಲ್ಲುಗಾರನ ಜೊತೆ, ಬಿಲ್ಲುಗಾರ ಮಾಂತ್ರಿಕನ ಜೊತೆ ಮಾತಾಡುತ್ತಿದ್ದರು. ತಮ್ಮ ಅವನನ್ನು 'ನೀವು' ಅನ್ನುತ್ತಿದ್ದ.

"ಒಂದ್ನಿಮಿಷ, ಡಾಕ್ಟ್ರೇ," ತಮ್ಮ ಕುರ್ಚಿಗೆ ಒರಗಿದ. "ಪುಸ್ತಕದಲ್ಲಿ ಏನಿದೆ, ಇನ್ನೊಂದ್ಸಲ ಓದಿ."

ಡಾಕ್ಟರು ಕನ್ನಡಕ ಕೆಳಗಿಳಿಸಿ ಓದಿದರು. "ಈ ಕವಚವು ಮಾಂತ್ರಿಕನನ್ನೂ, ಅವನಿಂದ ಹತ್ತು ಹೆಜ್ಜೆಯೊಳಗಿರುವ ಅವನ ಸಂಗಡಿಗರನ್ನೂ ಎಲ್ಲ ಬಗೆಯ ಬೆಂಕಿಯಿಂದ ಕಾಪಾಡುತ್ತದೆ."

"ಸಂಗಡಿಗರನ್ನು," ಎಂದ ತಮ್ಮ. "ನಾನು ಸಂಗಡಿಗ ಅಲ್ವಲ್ಲ."

ಡ್ರೈವರ್ ಅಗಿಯುವುದನ್ನು ನಿಲ್ಲಿಸಿದ.

"ಏಯ್, ತಲೆಗಿಲೆ ಕೆಟ್ಟಿದೆಯಾ? ಬದುಕಿಸ್ತಾ ಇದ್ದಾರೆ ಕಣೋ. ಬಾಯ್ಮುಚ್ಕೊಂಡು ಬದುಕೋ."

"ಇಲ್ಲಣ್ಣ, ನಿಯಮ ನಿಯಮಾನೇ," ತಮ್ಮ ಡ್ರೈವರಿಗೆ ಹೇಳಿದ. ಯಾರನ್ನಾದರೂ ಅಣ್ಣ ಅನ್ನಲು ಅವನಿಗೆ ಕಷ್ಟವಿರಲಿಲ್ಲ. "ಮೂರು ವಾರದ ಹಿಂದೆ ಸೇತುವೆ ಹತ್ರ ಏನಾಯ್ತು, ಮರೆತ್ರಾ?"

ಯಾರೂ ಮರೆತಿರಲಿಲ್ಲ. ತೋಳಗಳು ಅಟ್ಟಿಸಿಕೊಂಡು ಬಂದಾಗ ಮಾಂತ್ರಿಕ ಹಗ್ಗದ ಸೇತುವೆ ಕಡಿದಿದ್ದ. ಬಿಲ್ಲುಗಾರ ಇನ್ನೂ ಆಚೆ ದಡದಲ್ಲಿದ್ದ. ಅವನ ಸರದಿ ಮುಗಿದಿತ್ತು, ಮಾಂತ್ರಿಕನ ಸರದಿ ಬಂದಿತ್ತು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಬಿಲ್ಲುಗಾರ ಹೇಗೋ ದಾಳದ ಪುಣ್ಯದಿಂದ ಉಳಿದುಕೊಂಡ. 'ಇನ್ನು ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ' ಅಂದ. ಡಾಕ್ಟರು ಅದನ್ನು ಬರೆದುಕೊಂಡಿದ್ದರು. ಆಮೇಲೆ ಇದೇ ಗುಹೆಗೆ ಅವನು ಬೇರೆ ಬಾಗಿಲಿಂದ ಬಂದಿದ್ದ.

"ಸಂಗಡಿಗ ಯಾರು ಅನ್ನೋದನ್ನ ಮಂತ್ರ ಹಾಕಿದವನ ಕಡೆಯಿಂದ ನೋಡಬೇಕು," ಅಣ್ಣ ಶುರುಮಾಡಿದ. "ಮೊದಲನೇದು, ಪುಸ್ತಕ 'ಅವನ ಸಂಗಡಿಗರು' ಅನ್ನತ್ತೆ. ಯಾರು ತನ್ನವರು ಅಂತ ಅವನೇ ತಾನೇ ಹೇಳಬೇಕು? ಎರಡನೇದು, ಬೆಂಕಿ ಬರೋ ಹೊತ್ತಲ್ಲಿ ಒಬ್ಬೊಬ್ಬರ ಒಪ್ಪಿಗೆ ಕೇಳ್ತಾ ಕೂರೋಕೆ ಆಗಲ್ಲ. ಮೂರನೇದು, ಈ ಮಂತ್ರದ ಉದ್ದೇಶವೇ ಕಾಪಾಡೋದು. ಸಂದೇಹ ಬಂದಾಗ ಕಾಪಾಡೋ ಕಡೆಗೇ ವಾಲಬೇಕು."

ಮೂರನೆಯದನ್ನು ಹೇಳುವಾಗ ಅವನಿಗೆ ಅದು ಎಲ್ಲೋ ಓದಿದ ಹಾಗೆ ಅನ್ನಿಸಿತು. ಹೌದು. ಶುಕ್ರವಾರದ ಒಂದು ಅರ್ಜಿಯಲ್ಲಿ. ಸಂದೇಹದ ಲಾಭ ವಿದ್ಯಾರ್ಥಿಗೆ ಸಿಗಬೇಕೆಂದು ಹುಡುಗಿಯೊಬ್ಬಳು ಎರಡು ಪುಟ ಬರೆದಿದ್ದಳು. ಅವನು ಪಕ್ಕದಲ್ಲಿ 'ನಿಯಮದಲ್ಲಿ ಅವಕಾಶವಿಲ್ಲ' ಎಂದು ಬರೆದು ಊಟಕ್ಕೆ ಹೋಗಿದ್ದ.

"ಅಯ್ಯೋ ಪ್ರೊಫೆಸರ್ರೇ, ಉದ್ದೇಶಾನಾ?" ಎಂದು ಬಾಯಿ ಬಿಟ್ಟವಳು ಮಾತ್ರೆ ಅಕ್ಕ. ಔಷಧಿ ಅಂಗಡಿಯಲ್ಲಿ ಹದಿನೈದು ವರ್ಷ ಮಾತ್ರೆ ಎಣಿಸಿ ಬಂದ ಹೆಸರು. "ಹೋದ ತಿಂಗಳು ನನ್ನ ಕಣ್ಕಟ್ಟು ಮಂತ್ರಕ್ಕೆ ಏನಂದ್ರಿ ನೀವು? ಉದ್ದೇಶ ಗಿದ್ದೇಶ ಬೇಡ, ಬರೆದಿರೋದು ಎಷ್ಟೋ ಅಷ್ಟೇ ಅಂದ್ರಿ. ನನ್ನ ಕುದುರೆ ಹೋಯ್ತು. ಎಂಥಾ ಕುದುರೆ ಅದು!"

"ಅದು ಬೇರೆ."

"ಹ್ಞೂಂ, ಕುದುರೆ ನನ್ನದು. ಅದಕ್ಕೇ ಬೇರೆ."

ಡ್ರೈವರ್ ಮೇಜು ಕುಟ್ಟಿ ನಕ್ಕ. ತಮ್ಮ ನಗಲಿಲ್ಲ. ನಕಾಶೆಯ ಮೇಲಿದ್ದ ಸಿಪ್ಪೆಯೊಂದನ್ನು ಉಗುರಿನಿಂದ ಚಿಮ್ಮಿದ.

"ಸರಿ, ಗೊತ್ತಲ್ಲ ಕ್ರಮ," ಎಂದರು ಡಾಕ್ಟರು. "ಲಾಭವೋ ನಷ್ಟವೋ ಯಾರಿಗಿದೆಯೋ ಅವರು ಆಚೆ. ಉಳಿದವರು ತೀರ್ಮಾನ ಮಾಡ್ತೀವಿ. ಇಬ್ಬರೂ ಎದ್ದೇಳಿ."

ಈ ಕ್ರಮ ತಂದವನೂ ಅವನೇ. ತನಗೆ ಸಂಬಂಧಪಟ್ಟ ತೀರ್ಪಿನ ಹೊತ್ತಿಗೆ ಆಟಗಾರ ಮೆಟ್ಟಿಲ ಮೇಲೆ ನಿಂತಿರಬೇಕು, ರೋಗಿಗಳನ್ನು ಕರೆಯುವ ಗಂಟೆ ಬಾರಿಸಿದಾಗ ಒಳಗೆ ಬರಬೇಕು. ನಿಷ್ಪಕ್ಷಪಾತ ಎಂಬ ಮಾತನ್ನು ಅವನು ಅಂದು ನಾಲ್ಕು ಸಲ ಬಳಸಿದ್ದ. ಇಬ್ಬರು ಒಟ್ಟಿಗೆ ಹೊರಗೆ ಹೋಗಬೇಕಾದ ಪ್ರಸಂಗ ಇಷ್ಟು ದಿನ ಬಂದಿರಲಿಲ್ಲ.

ಬಾಗಿಲು ಅದರಷ್ಟಕ್ಕೇ ಮುಚ್ಚಿಕೊಂಡಿತು.

ಮೂರನೆಯ ಮಹಡಿ. ಒಂದು ಕಡೆ ಲಿಫ್ಟಿನ ಬಾಗಿಲು, ಇನ್ನೊಂದು ಕಡೆ ಬೆಂಕಿ ಆರಿಸುವ ಮರಳಿನ ಕೆಂಪು ಬಕೆಟ್ಟು. ಮರಳಿನಲ್ಲಿ ರಕ್ತದ ಕಲೆಯಾದ ಹತ್ತಿಯುಂಡೆಗಳು. ಕಿಟಕಿಯಾಚೆ ಪಕ್ಕದ ಕಟ್ಟಡದ ಬೆನ್ನು. ಮಧ್ಯಾಹ್ನದ ಬಿಸಿಲು ಮೆಟ್ಟಿಲ ಅರ್ಧಕ್ಕೆ ಬಂದು ನಿಂತಿತ್ತು.

ತಮ್ಮ ಗೋಡೆಗೆ ಒರಗಿ ಫೋನು ನೋಡತೊಡಗಿದ. ಅವನು ಲಿಫ್ಟಿನ ಬಾಗಿಲ ಮೇಲೆ ಬರೆದದ್ದನ್ನು ಓದಿದ. ಗರಿಷ್ಠ ಆರು ಜನ. ಇನ್ನೊಮ್ಮೆ ಓದಿದ.

"ಅಮ್ಮನ ಮಂಡಿ ಹೇಗಿದೆ?"

"ಇದೆ."

"ಬುಧವಾರ ಬಂದಿದ್ದೆ."

"ಗೊತ್ತು. ಬಿಸ್ಕತ್ತು ನೋಡಿದೆ."

ಅಮ್ಮ ತಮ್ಮನ ಮನೆಯಲ್ಲಿದ್ದಳು. ಅವನು ತಮ್ಮ ಕೆಲಸಕ್ಕೆ ಹೋದ ಹೊತ್ತು ನೋಡಿ ಹೋಗುತ್ತಿದ್ದ. ತಾನು ಹೊತ್ತು ನೋಡಿ ಬರುತ್ತಿರುವುದು ತಮ್ಮನಿಗೆ ಗೊತ್ತು, ಗೊತ್ತೆಂದು ತನಗೂ ಗೊತ್ತು. ಅದು ಅವರ ಮನೆಯ ಏರ್ಪಾಡು.

ಒಳಗಿಂದ ಮಾತ್ರೆ ಅಕ್ಕನ ದನಿ ಕೇಳಿತು. ಕುದುರೆಯ ವಿಷಯವೇ ಇರಬೇಕು.

"ಒಂದು ಮಾತು ಕೇಳ್ತೀಯಾ," ಎಂದ ಅವನು. "ಒಳಗೆ ಹೋದಾಗ ಅವರು ನಿನ್ನ ಕೇಳಬಹುದು. ಹೌದು ಅಂದುಬಿಡು."

"ಏನಂತ?"

"ಸಂಗಡಿಗ ಅಂತ. ಅಷ್ಟು ಸಾಕು, ಯಾವ ತೀರ್ಪು ಬಂದರೂ ಉಳ್ಕೋತೀಯ."

"ಯಾರ ಸಂಗಡಿಗ?"

"ಆಟದಲ್ಲಿ ಕಣೋ. ಬರೀ ಆಟದಲ್ಲಿ."

"ಆಟದಲ್ಲೂ ಸುಳ್ಳು ಹೇಳ್ಬೇಕಾ?"

ಅವನಿಗೆ ಕೆನ್ನೆ ಬಿಸಿಯಾಯಿತು. ಎರಡು ವರ್ಷದಲ್ಲಿ ತಮ್ಮ ಮಾಂತ್ರಿಕನಿಗಲ್ಲದೆ ಅವನಿಗೇ ಎಂದು ಆಡಿದ ಮೊದಲ ಚುಚ್ಚುಮಾತು ಇದು. ಅದರ ಖುಷಿಯೋ, ಅದರ ಉರಿಯೋ, ಬಿಡಿಸಲಾಗಲಿಲ್ಲ.

"ಸತ್ರೆ ಕುರ್ಚಿ ಹೋಗತ್ತೆ."

"ಹೋಗ್ಲಿ. ಮೂರು ಜನ ಕಾಯ್ತಾ ಇದ್ದಾರೆ, ಪಾಪ."

"ಮತ್ತೆ ನಾವು..." ಮುಂದಿನ ಭಾನುವಾರ ಪಕ್ಕದ ಕುರ್ಚಿಯಲ್ಲಿ ಯಾರೋ ಒಬ್ಬ ಕೂತು ಹೊಸ ಗೊಂಬೆ ಇಡುತ್ತಾನೆ. ಅಷ್ಟೇ. ಯಾರಿಗೂ ಏನೂ ಆಗಿರುವುದಿಲ್ಲ. "ನೀನು ಚೆನ್ನಾಗಿ ಆಡ್ತೀಯ," ಎಂದು ಮುಗಿಸಿದ. ಅರ್ಜಿಯ ಕೊನೆಯಲ್ಲಿ ಬರೆಯುವ ವಂದನೆಯಂತೆ ಕೇಳಿಸಿತು.

ತಮ್ಮ ಫೋನು ಜೇಬಿಗಿಟ್ಟ.

"ಅವತ್ತು ಎರಡು ಗಡಿಯಾರ ಇತ್ತು," ಎಂದ.

ಯಾವತ್ತು ಎಂದು ಅವನು ಕೇಳಲಿಲ್ಲ. ಏಳು ವರ್ಷದಿಂದ ಕಾಯುತ್ತಿದ್ದ ಮಾತು. ಆಗ ಅವನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅವನ ಡ್ಯೂಟಿ. ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಕಳೆದ ಮೇಲೆ ಯಾರನ್ನೂ ಒಳಗೆ ಬಿಡತಕ್ಕದ್ದಲ್ಲ. ತಮ್ಮ ಕೊನೆಯ ವರ್ಷದ ಕೊನೆಯ ಪತ್ರಿಕೆಗೆ ಓಡಿ ಬಂದ, ಬಸ್ಸು ಪಂಕ್ಚರಾಗಿ, ಅಂಗಿ ಬೆನ್ನಿಗೆ ಅಂಟಿಕೊಂಡು. ಕೊಠಡಿಯ ಗಡಿಯಾರ ಮೂವತ್ತೆರಡು ನಿಮಿಷ ತೋರಿಸುತ್ತಿತ್ತು. ಅಂಗಳದ ಗೋಪುರದ ಗಡಿಯಾರ ಇಪ್ಪತ್ತೆಂಟು. ಎಲ್ಲರೂ ನೋಡುತ್ತಿದ್ದರು. ತಮ್ಮ ಅಂತ ಬಿಟ್ಟ ಅನ್ನುತ್ತಾರೆ ಎಂದು ಅವನಿಗೆ ಅನ್ನಿಸಿತು. ಅವನು ಬಾಗಿಲು ಹಾಕಿದ. ತಮ್ಮ ಮತ್ತೆ ಪರೀಕ್ಷೆಗೆ ಕೂರಲಿಲ್ಲ.

"ಕೊಠಡಿಯ ಗಡಿಯಾರನೇ ಲೆಕ್ಕ," ಎಂದ ಅವನು, ಅಭ್ಯಾಸಬಲದಿಂದ.

"ಎಲ್ಲಿ ಬರೆದಿತ್ತು?"

ಅವನು ಕಿಟಕಿ ನೋಡಿದ. ಆಮೇಲೆ ಎಂದೋ ಒಂದು ಸಂಜೆ ಕಚೇರಿಯಲ್ಲಿ ಒಬ್ಬನೇ ಕೂತು ಇಡೀ ನಿಯಮಾವಳಿ ತಿರುವಿಹಾಕಿದ್ದ, ಮೊದಲಿಂದ ಕೊನೆಯ ತನಕ.

"ಎಲ್ಲೂ ಬರೆದಿರ್ಲಿಲ್ಲ."

ತಮ್ಮ ಮೂಗಿನಲ್ಲಿ ನಕ್ಕ. "ಅವತ್ತು ನಿಂಗೆ ಎರಡರ್ಥ ಕಾಣಿಸ್ಲಿಲ್ಲ. ಇವತ್ತು ಕಾಣಿಸ್ತಾ ಇದೆ. ಒಂದು, ಎರಡು, ಮೂರು ಅಂತ ಪಾಯಿಂಟು ಹಾಕಿ ಹೇಳ್ತೀಯ. ಯಾರಿಗೆ? ಪ್ಲಾಸ್ಟರಿಗೆ. ಅವತ್ತು ಬಾಗಿಲ ಹತ್ರ ನಿಂತಿದ್ದೋನು ನಾನು ಕಣಣ್ಣ. ಗೊಂಬೆ ಅಲ್ಲ."

ಏಳು ವರ್ಷದ ಮೇಲೆ 'ಅಣ್ಣ' ಅಂದಿದ್ದ. ಅವನಿಗೆ ಉಳಿದದ್ದೊಂದೂ ಕೇಳಿಸಲಿಲ್ಲ, ಅದೊಂದೇ ಕೇಳಿಸಿತು. ಮೂರ್ಖನ ಹಾಗೆ ಅದನ್ನೇ ಹಿಡಿದುಕೊಂಡ. ಉತ್ತರ ಹೇಳಬೇಕಿತ್ತು. ತಪ್ಪಾಯಿತು ಅನ್ನಬೇಕಿತ್ತೇನೋ. ಆದರೆ ನಾಲಿಗೆಗೆ ಬಂದದ್ದು, ಇನ್ನೊಂದು ಅವಕಾಶ ಕೊಟ್ಟರೆ ನಾಲ್ಕನೆಯ ವಾದವೂ ಇದೆ ಎಂಬುದು.

ತಮ್ಮನ ಫೋನು ಹೊಡೆದುಕೊಂಡಿತು. "ಹ್ಞಾ... ಎಷ್ಟು ಜನ?... ಗಾಬರಿ ಬೀಳ್ಬೇಡಿ ಅನ್ನಿ. ಬಾಗಿಲು ಎಳೀಬೇಡಿ. ಹ್ಞೂಂ."

ಒಳಗಿಂದ ಗಂಟೆಯ ಸದ್ದು ಬಂತು.

"ನೀನು ನಡಿ," ಎಂದ ತಮ್ಮ, ಫೋನನ್ನು ಕಿವಿಯಿಂದ ತೆಗೆಯದೆ. "ಬಂದೆ."

ಅವನು ಒಳಗೆ ಹೋದ.

ಡಾಕ್ಟರು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸುತ್ತಿದ್ದರು. ಡ್ರೈವರ್ ಕಣ್ಣು ಹೊಡೆದ. "ಗೆದ್ರಿ ಪ್ರೊಫೆಸರ್ರೇ. ಮಾತ್ರೆ ಅಕ್ಕನ್ನ ಒಪ್ಪಿಸೋಕೆ ಬೆವರು ಕಿತ್ಕೊಂಡು ಬಂತು."

"ತೀರ್ಪು ನೂರಾ ಹದಿನಾಲ್ಕು," ಡಾಕ್ಟರು ಓದಿದರು. "ಸಂಗಡಿಗ ಯಾರೆಂದು ಮಾಂತ್ರಿಕನೇ ನಿರ್ಧರಿಸುತ್ತಾನೆ. ಆ ವ್ಯಕ್ತಿಯ ಒಪ್ಪಿಗೆ ಬೇಕಿಲ್ಲ."

ಅವನದೇ ಮಾತು. ಅವನ ವಾದದ ಸಾರವನ್ನು ಅಷ್ಟು ಚೊಕ್ಕವಾಗಿ ಅವನೂ ಹೇಳಿರಲಿಲ್ಲ.

"ಬಿಲ್ಲುಗಾರ ಉಳ್ಕೊಂಡ," ಎಂದರು ಡಾಕ್ಟರು. "ಕರೀರಿ ಅವನನ್ನ."

ಅವನು ಬಾಗಿಲು ತೆಗೆದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬಿಸಿಲು ಒಂದು ಮೆಟ್ಟಿಲು ಮೇಲೆ ಬಂದಿತ್ತು. ಮೆಟ್ಟಿಲ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದ. ಕೂಗಬಹುದಿತ್ತು. ತಮ್ಮನ ಹೆಸರು ಹಿಡಿದು ಕೂಗಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕುತ್ತ ನಿಂತ. ಬೀದಿಯಲ್ಲಿ ಬೈಕೊಂದು ಒದ್ದೂ ಒದ್ದೂ ಶುರುವಾಯಿತು. ತಮ್ಮನದೇ ಇರಬಹುದು. ಯಾರದಾದರೂ ಇರಬಹುದು.

"ಲಿಫ್ಟಲ್ಲಿ ಯಾರೋ ಸಿಕ್ಕಿಹಾಕ್ಕೊಂಡಿದ್ದಾರಂತೆ," ಎಂದು ಒಳಗೆ ಬಂದು ಹೇಳಿದ. "ಫೋನ್ ಬಂತು. ಹೋಗಿ ಬರ್ತಾನೆ."

"ಬ್ಯಾಗು ತಗೊಂಡೇ ಆಚೆ ಹೋದ ಅಲ್ವಾ?" ಎಂದಳು ಮಾತ್ರೆ ಅಕ್ಕ. "ಫೋನ್ ಬರೋಕೆ ಮುಂಚೇನೇ. ನಾನು ನೋಡ್ದೆ."

ಅವನು ನೋಡಿರಲಿಲ್ಲ. ಕುರ್ಚಿಯ ಕೆಳಗೆ ಏನೂ ಇರಲಿಲ್ಲ.

"ಸ್ಪ್ಯಾನರ್ ಇರತ್ತೆ ಅದ್ರಲ್ಲಿ, ಯಾವಾಗ್ಲೂ ತಗೊಂಡೇ ಓಡಾಡ್ತಾನೆ," ಎಂದ. ಮಾತ್ರೆ ಅಕ್ಕ ತಲೆಯಾಡಿಸಿದಳು, ನಾಳೆ ಕೊಡ್ತೀನಿ ಅನ್ನುವ ಗಿರಾಕಿಗೆ ಆಡಿಸುವ ಹಾಗೆ, ಮೆತ್ತಗೆ.

"ಮುಂದಿನ ವಾರ ಬರ್ತಾನೆ ತಾನೇ?" ಎಂದ ಡ್ರೈವರ್.

"ಬರ್ದೇ ಏನು?" ಎಂದ ಅವನು.

"ಬರ್ದಿದ್ರೆ ಆ ಮೂರು ಜನ..."

"ಆಗಲ್ಲ," ಎಂದರು ಡಾಕ್ಟರು. "ಪಾತ್ರ ಸತ್ತರೆ ಮಾತ್ರ ಕುರ್ಚಿ ಬೇರೆಯವರಿಗೆ. ಈಗ ಸತ್ತಿಲ್ಲವಲ್ಲ. ಎದ್ದು ಹೋದವರ ಗೊಂಬೆಯನ್ನ ಪಕ್ಕದಲ್ಲಿ ಕೂತವರು ಆಡಿಸಬೇಕು, ಅವರು ಬರೋ ತನಕ. ಪ್ರೊಫೆಸರ್ರೇ, ನೀವೇ."

"ಬರೋ ತನಕ," ಎಂದ ಅವನು. ಅದಕ್ಕೆ ಯಾವ ಮಿತಿಯನ್ನೂ ಪುಸ್ತಕ ಹೇಳಿರಲಿಲ್ಲ. ಅದರ ಬಗ್ಗೆ ಜಗಳವಾಡಲು ಯಾರೂ ಬಾಯಿ ತೆರೆಯಲಿಲ್ಲ. ಅವನೂ.

"ಬೆಂಕಿ ಇನ್ನೂ ನಿಂತಿಲ್ಲ," ಡಾಕ್ಟರು ದನಿ ತಗ್ಗಿಸಿದರು. ಕಥೆ ಮತ್ತೆ ಶುರುವಾಗಿತ್ತು. "ಸುರಂಗದ ಉದ್ದಕ್ಕೂ ಹಬ್ಬಿದೆ. ಸುರಂಗ ದಾಟೋ ತನಕ ಎಲ್ಲರೂ ಕವಚದೊಳಗೇ ನಡೀಬೇಕು. ತಡೀರಿ, ಸುಮ್ನೆ ಬೆರಳಲ್ಲಿ ಎಣಿಸಿದ್ರೆ ಮತ್ತೆ ತಕರಾರು."

ಎದ್ದು ಒಳಕೋಣೆಗೆ ಹೋದರು. ಸೊಟ್ಟ ಹಲ್ಲಿಗೆ ಕಟ್ಟುವ ಉಕ್ಕಿನ ತಂತಿ ತಂದು, ನಕಾಶೆಯ ಚೌಕಕ್ಕೆ ಹಿಡಿದು ಅಳೆದು, ಇಕ್ಕಳದಲ್ಲಿ ಬಗ್ಗಿಸಿ, ದುಂಡಗೆ ಒಂದು ಬಳೆ ಮಾಡಿದರು. ಗೊಂಬೆಗಳ ಸುತ್ತ ಇಟ್ಟರು. ಮಾಂತ್ರಿಕ ನಡುವೆ. ಡ್ರೈವರನ ಗದೆ ಹೊತ್ತ ವೀರನೂ ಮಾತ್ರೆ ಅಕ್ಕನ ಕಳ್ಳಹೆಂಗಸೂ ಹತ್ತಿರ. ಬಿಲ್ಲುಗಾರ ಅಂಚಿಗೆ, ತಂತಿಗೆ ಬೆನ್ನು ತಾಗುವಷ್ಟು.

"ಮಾಂತ್ರಿಕ ಹೇಳ್ತಾನೆ, ಬನ್ನಿ ಅಂತ," ಎಂದ ಅವನು.

"ಗದೆ ಹೊತ್ಕೊಂಡು ಹಿಂದೆ ಬಂದೆ," ಎಂದ ಡ್ರೈವರ್.

"ನಡ್ಕೊಂಡು ಬಂದೆ," ಎಂದಳು ಮಾತ್ರೆ ಅಕ್ಕ. "ಕುದುರೆ ಇಲ್ವಲ್ಲ."

"ಬಿಲ್ಲುಗಾರ ಏನಂತಾನೆ?" ಎಂದು ಕೇಳಿದರು ಡಾಕ್ಟರು.

ಮೂವರೂ ಅವನ ಕಡೆ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ. ತಮ್ಮ ಬಿಲ್ಲುಗಾರನಿಗೆ ಕೊಡುತ್ತಿದ್ದ ದನಿ ಅವನಿಗೆ ಗೊತ್ತಿತ್ತು: ತುಸು ಮೂಗಿನಿಂದ, ಕೊನೆಯಲ್ಲಿ ಎಳೆದು. ಆ ದನಿಯಲ್ಲಿ, "ನಡೀರಿ, ನಾನೂ ಬರ್ತೀನಿ," ಎಂದ.

"ಅಬ್ಬಾ, ಥೇಟ್ ಅವನೇ!" ಡ್ರೈವರ್ ತೊಡೆ ತಟ್ಟಿ ನಕ್ಕ. ಡಾಕ್ಟರೂ ನಕ್ಕರು. ಮಾತ್ರೆ ಅಕ್ಕ ಸಿಪ್ಪೆ ಗುಡಿಸಿದಳು.

ಅವನು ತಂತಿಯ ಬಳೆಯನ್ನು ಎರಡು ಬೆರಳಲ್ಲಿ ಹಿಡಿದು ಒಂದು ಚೌಕ ಮುಂದೆ ಸರಿಸಿದ. ತಂತಿ ಬುಡಕ್ಕೆ ತಾಗಿ ಬಿಲ್ಲುಗಾರ ಮಗುಚಿದ. ಎತ್ತಿ ನಿಲ್ಲಿಸಿದ. ಸರಿಸಿದ. ಮತ್ತೆ ಬಿದ್ದ. ಉಳಿದವರ ಗೊಂಬೆಗಳನ್ನು ಅವರವರು ಎತ್ತಿ ಮುಂದಿಟ್ಟುಕೊಳ್ಳುತ್ತಿದ್ದರು. ಸುರಂಗ ನಕಾಶೆಯ ಆ ತುದಿಯವರೆಗೆ ಇತ್ತು, ಅರವತ್ತೋ ಎಪ್ಪತ್ತೋ ಚೌಕ. ಅವನು ಎಡಗೈಯಲ್ಲಿ ಬಳೆ ಸರಿಸುತ್ತ, ಬಲಗೈಯಲ್ಲಿ ಬಿಲ್ಲುಗಾರನನ್ನು ಎತ್ತಿ ನಿಲ್ಲಿಸುತ್ತ ಹೋದ. ಪ್ಲಾಸ್ಟರಿನ ಬಿಳಿ ಪುಡಿ ನಕಾಶೆಯ ಮೇಲೆ ಉದುರುತ್ತಿತ್ತು.